ಎದ್ದೆದ್ದು ಮಲಗುವ ಯಂತ್ರ

ಹೊತ್ತು ಮುಳುಗಿದ ಮೇಲೆ ಮನೆಯ ಕಂಪ್ಯೂಟರಿನ ಗುಂಡಿಯನ್ನು ಒತ್ತುತ್ತೀರಿ. ಪರದೆ ಬೆಳಗುತ್ತದೆ, ತಯಾರಕರ ಮುದ್ರೆ ಮೂಡುತ್ತದೆ, ಅದರ ಕೆಳಗೆ ಬಿಳಿಯ ಚುಕ್ಕಿಗಳು ನಾಲ್ಕು ಸುತ್ತು ತಿರುಗುತ್ತವೆ. ಇನ್ನೇನು ಕೆಲಸಕ್ಕೆ ತೊಡಗಬಹುದು ಎನ್ನುವಷ್ಟರಲ್ಲಿ ಎಲ್ಲವೂ ಕತ್ತಲು. ಮತ್ತೆ ಅದೇ ಮುದ್ರೆ, ಅದೇ ಚುಕ್ಕಿ. ಹತ್ತು ಸಲ ನೋಡಿದರೂ ಇದೇ ಪ್ರದಕ್ಷಿಣೆ. ಮಗಳ ಮದುವೆಯ ಭಾವಚಿತ್ರಗಳು, ಮಗನ ಪರೀಕ್ಷೆಯ ಪ್ರಬಂಧ, ವರಮಾನ ತೆರಿಗೆಯ ಲೆಕ್ಕಪತ್ರ, ಎಲ್ಲವೂ ಅದರ ಹೊಟ್ಟೆಯೊಳಗಿವೆ. ಮನೆಯವರ ಮುಖ ಬಾಡುತ್ತದೆ. ಅಷ್ಟರಲ್ಲಿ ಬಲ್ಲವರೊಬ್ಬರು ಬಂದು, “ಫಾರ್ಮ್ಯಾಟ್ ಮಾಡಿಸಿಬಿಡಿ, ಸರಿಹೋಗುತ್ತದೆ” ಎಂದು ತೀರ್ಪು ಕೊಡುತ್ತಾರೆ.

ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಳ್ಳುವ ಚಿಕಿತ್ಸೆ ಇದು. ಇಂಥ ಎಷ್ಟೋ ಸಂದರ್ಭಗಳಲ್ಲಿ ಯಂತ್ರವು ಸತ್ತಿರುವುದಿಲ್ಲ. ಒಳಗಿಟ್ಟ ಕಡತಗಳೂ ನಾಶವಾಗಿರುವುದಿಲ್ಲ. ಒಳಗಿನವರಲ್ಲಿ ಜಗಳವೆದ್ದಿರುತ್ತದೆ, ಅಷ್ಟೆ. ಜಗಳವನ್ನು ಬಿಡಿಸುವ ಕ್ರಮವನ್ನು ತಿಳಿದರೆ ಮನೆಯನ್ನೇ ಕೆಡವಬೇಕಾಗುವುದಿಲ್ಲ.

ಮೊದಲಿಗೆ ‘ಡ್ರೈವರ್’ ಎಂಬ ಮಾತನ್ನು ವಿಚಾರಿಸೋಣ. ಈತ ಮೋಟಾರು ನಡೆಸುವ ಚಾಲಕನಲ್ಲ, ದುಭಾಷಿ. ಪ್ರಿಂಟರು, ಧ್ವನಿಯ ಉಪಕರಣ, ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡು, ಇವುಗಳಲ್ಲಿ ಒಂದೊಂದರದೂ ಒಂದೊಂದು ಭಾಷೆ. ಯಂತ್ರದ ಆಡಳಿತವನ್ನು ನಡೆಸುವ ವಿಂಡೋಸಿಗೂ ಈ ಉಪಕರಣಗಳಿಗೂ ನಡುವೆ ನಿಂತು ಮಾತನ್ನು ಮುಟ್ಟಿಸುವ ತಂತ್ರಾಂಶವೇ ಡ್ರೈವರ್. ನಾವು ಪತ್ರ ಬರೆಯಲು, ಹಾಡು ಕೇಳಲು ಬಳಸುವ ತಂತ್ರಾಂಶಗಳು ಜಗಲಿಯ ಮೇಲೆ ಕುಳಿತು ಕೆಲಸ ಮಾಡುವಂಥವು. ಅವುಗಳಲ್ಲೊಂದು ಎಡವಿದರೆ ಅದೊಂದೇ ಮುಚ್ಚಿಹೋಗುತ್ತದೆ. ಡ್ರೈವರುಗಳಲ್ಲಿ ಹಲವಕ್ಕಾದರೋ ನಡುಮನೆಯವರೆಗೂ ಪ್ರವೇಶವುಂಟು. ‘ಕರ್ನೆಲ್’ ಎಂದು ಕರೆಯುವ ಆ ಒಳಭಾಗದಲ್ಲಿ ಒಬ್ಬನು ಎಡವಿದರೂ ಇಡೀ ಮನೆ ಸ್ತಬ್ಧ. ಕಡತಗಳಿಗೆ ಹಾನಿಯಾದೀತೆಂಬ ಭಯದಿಂದ ವಿಂಡೋಸ್ ತಾನಾಗಿಯೇ ಕೆಲಸವನ್ನು ನಿಲ್ಲಿಸಿ, ನೀಲಿಯ ಅಥವಾ ಕಪ್ಪು ಪರದೆಯನ್ನು ತೋರಿಸಿ, ಮರಳಿ ಆರಂಭವಾಗುತ್ತದೆ. ಆರಂಭದಲ್ಲಿ ಅದೇ ಡ್ರೈವರನ್ನು ಮತ್ತೆ ಕರೆಯುತ್ತದೆ. ಅದು ಮತ್ತೆ ಎಡವುತ್ತದೆ. ಈ ಪ್ರದಕ್ಷಿಣೆಯ ಗುಟ್ಟು ಇಷ್ಟೇ.

ಜಗಳಗಳಿಗೆ ಕಾರಣ ನಾನಾ ಬಗೆ. ಒಂದೇ ಯಂತ್ರಕ್ಕೆ ಎರಡು ಆಂಟಿವೈರಸ್‌ಗಳನ್ನು ಹಾಕಿದರೆ ರಕ್ಷಣೆ ಇಮ್ಮಡಿಯಾಗುವುದೆಂದು ತಿಳಿದವರುಂಟು. ತೆರೆದ ಪ್ರತಿಯೊಂದು ಕಡತವನ್ನೂ ತಾನೇ ಮೊದಲು ಪರೀಕ್ಷಿಸಬೇಕೆಂದು ಎರಡೂ ಹಟ ಹಿಡಿಯುತ್ತವೆ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸೀತೆ? ಇನ್ನು ಕೆಲವೊಮ್ಮೆ ಜಗಳಗಂಟ ಕಣ್ಣಿಗೇ ಬೀಳನು. ೨೦೧೦ನೆಯ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹೊರಡಿಸಿದ ಒಂದು ತಿದ್ದುಪಡಿಯನ್ನು ಹಾಕಿಕೊಂಡ ಹಲವು ವಿಂಡೋಸ್ ಎಕ್ಸ್‌ಪಿ ಯಂತ್ರಗಳು ಹೀಗೆಯೇ ಏಳುತ್ತ ಬೀಳುತ್ತ ಇದ್ದವು. ಎಲ್ಲರೂ ತಿದ್ದುಪಡಿಯನ್ನೇ ದೂರಿದರು. ವಿಚಾರಿಸಲಾಗಿ, ಆ ಯಂತ್ರಗಳಲ್ಲಿ ‘ಅಲ್ಯೂರಿಯನ್’ ಎಂಬ ದುಷ್ಟ ತಂತ್ರಾಂಶವು ಡ್ರೈವರಿನ ವೇಷದಲ್ಲಿ ಮೊದಲೇ ಅಡಗಿ ಕುಳಿತಿತ್ತು. ಕರ್ನೆಲಿನ ಯಾವ ಮೂಲೆಯಲ್ಲಿ ಏನಿದೆ ಎಂಬುದನ್ನು ಅದು ಬಾಯಿಪಾಠ ಮಾಡಿಕೊಂಡಿದ್ದಿತು. ತಿದ್ದುಪಡಿಯಿಂದ ಸಾಮಾನುಗಳ ಸ್ಥಳ ಬದಲಾಗಲು, ಕತ್ತಲಲ್ಲಿ ನಡೆದ ಕಳ್ಳನಂತೆ ಮುಗ್ಗರಿಸಿತು.

ಸಾಧುವಾದ ತಂತ್ರಾಂಶವೂ ಮುಗ್ಗರಿಸುವುದುಂಟು. ೨೦೨೪ನೆಯ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆಯು ತನ್ನ ತಂತ್ರಾಂಶಕ್ಕೆ ಒಂದು ಪುಟ್ಟ ಕಡತವನ್ನು ಕಳುಹಿಸಿತು. ತಂತ್ರಾಂಶವು ಒದಗಿಸುತ್ತಿದ್ದುದು ೨೦ ಅಂಶಗಳನ್ನು. ಹೊಸ ಕಡತ ೨೧ನೆಯದನ್ನು ಕೇಳಿತು. ಇಲ್ಲದುದನ್ನು ಹುಡುಕಹೋಗಿ ಕರ್ನೆಲಿನೊಳಗೇ ಕುಸಿಯಿತು. ಕಡತವನ್ನು ೭೮ ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ಮೈಕ್ರೋಸಾಫ್ಟಿನ ಅಂದಾಜಿನಂತೆ ಅಷ್ಟರಲ್ಲಿ ೮೫ ಲಕ್ಷ ಯಂತ್ರಗಳು ಮಲಗಿದ್ದವು. ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣಗಳಲ್ಲಿ ಕೆಲಸ ನಿಂತಿತು. ನಮ್ಮ ದೇಶದಲ್ಲಿಯೂ ವಿಮಾನವೇರುವ ಚೀಟಿಯನ್ನು ಕೈಯಲ್ಲಿ ಬರೆದು ಕೊಟ್ಟರು. ಪರಿಹಾರವೇನು? ಯಂತ್ರವನ್ನು ‘ಸೇಫ್ ಮೋಡ್’ನಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸುವುದು. ಲಕ್ಷಾಂತರ ಯಂತ್ರಗಳಿಗೆ ಮದ್ದಾದ ಈ ಉಪಾಯ ನಮ್ಮ ಮನೆಯ ಯಂತ್ರಕ್ಕೂ ಸಲ್ಲುತ್ತದೆ.

ಸೇಫ್ ಮೋಡ್ ಎಂದರೆ ಪಥ್ಯದ ಊಟ. ಅತ್ಯಾವಶ್ಯಕವಾದ ಕೆಲವೇ ಡ್ರೈವರುಗಳನ್ನು ಮಾತ್ರ ಕರೆದು ಯಂತ್ರವು ಏಳುತ್ತದೆ. ವಿಂಡೋಸ್ ೧೦ ಅಥವಾ ೧೧ ಇರುವ ಯಂತ್ರವು ಎರಡು ಮೂರು ಬಾರಿ ಏಳಲಾರದೆ ಹೋದರೆ, ಸಾಮಾನ್ಯವಾಗಿ ತಾನಾಗಿಯೇ ದುರಸ್ತಿಯ ಪರದೆಯನ್ನು ತೋರಿಸುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಎಂಬಿವುಗಳನ್ನು ಕ್ರಮವಾಗಿ ಆರಿಸಿ ‘ರೀಸ್ಟಾರ್ಟ್’ ಒತ್ತಿರಿ. ಬಳಿಕ ಬರುವ ಪಟ್ಟಿಯಲ್ಲಿ ೪ನೆಯ ಅಂಕೆ ಸೇಫ್ ಮೋಡಿಗೆ ಸೇರಿದ್ದು. ಯಂತ್ರವು ಅಲ್ಲಿ ಸುಖವಾಗಿ ನಿಂತಿತೋ, ತಂತ್ರಾಂಶದ ಮೇಲೆಯೇ ಸಂಶಯ ಪಡಬೇಕು. ಅಲ್ಲಿಯೂ ಬೀಳುವುದಾದರೆ ದೋಷ ಮೆಮೊರಿಯಲ್ಲಿಯೋ, ಡಿಸ್ಕಿನಲ್ಲಿಯೋ, ವಿದ್ಯುತ್ತಿನ ಪೂರೈಕೆಯಲ್ಲಿಯೋ ಇರಬಹುದು. ಆಗ ಕುಶಲಿಯಾದ ಕೆಲಸಗಾರನಿಗೆ ತೋರಿಸುವುದೇ ಮೇಲು.

ಯಂತ್ರ ನಿಂತೊಡನೆ ಮಾಡಬೇಕಾದ ಮೊದಲ ಕೆಲಸ ದುರಸ್ತಿಯಲ್ಲ. ಬೇಕಾದ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳುವುದು. ಆಮೇಲೆ ಒಂದೇ ಪ್ರಶ್ನೆ: ಈ ವ್ಯಾಧಿಗೆ ಮುನ್ನ ಮನೆಗೆ ಕಡೆಯದಾಗಿ ಬಂದವರು ಯಾರು? ಹೊಸ ಆಂಟಿವೈರಸ್ಸೋ, ಹೊಸ ಪ್ರಿಂಟರಿನ ಡ್ರೈವರೋ, ಅದನ್ನು ಮೊದಲು ಹೊರಗೆ ಕಳುಹಿಸಿರಿ. ಹೊಸ ಆವೃತ್ತಿಯೇ ತೊಡಕಾಗಿದ್ದರೆ ‘ಡಿವೈಸ್ ಮ್ಯಾನೇಜರ್’ನಲ್ಲಿ ಆ ಉಪಕರಣದ ಹೆಸರನ್ನು ತೆರೆದು ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ, ಹಳೆಯ ಆವೃತ್ತಿ ಉಳಿದಿದ್ದಲ್ಲಿ ಅದು ಮರಳಿ ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಯಂತ್ರವನ್ನು ಎಬ್ಬಿಸಿ ನೋಡಬೇಕು. ನಾಲ್ಕನ್ನು ಒಮ್ಮೆಗೇ ಕಿತ್ತರೆ ಅಪರಾಧಿ ಯಾರೆಂಬುದು ಎಂದಿಗೂ ತಿಳಿಯದು. ನಾಳೆ ಅವನೇ ಮರಳಿ ಬಂದಾನು.

ಎರಡು ಎಚ್ಚರಿಕೆಗಳು ಅವಶ್ಯ. ಅದೇ ದುರಸ್ತಿಯ ಪರದೆಯಲ್ಲಿ ‘ರೀಸೆಟ್’ ಎಂಬ ಬಾಗಿಲೂ ಉಂಟು. ಅದರೊಳಗಿನ ‘ರಿಮೂವ್ ಎವ್ರಿಥಿಂಗ್’ ಎಂಬುದನ್ನು ಒತ್ತಿದರೆ ಮದುವೆಯ ಭಾವಚಿತ್ರಗಳೂ ಹೊರಟುಹೋಗುತ್ತವೆ. ಎರಡನೆಯದಾಗಿ, ಈಗಿನ ಅನೇಕ ಲ್ಯಾಪ್‌ಟಾಪುಗಳ ಡಿಸ್ಕಿಗೆ ಬೀಗ ಹಾಕಿರುತ್ತದೆ. ಸೇಫ್ ಮೋಡಿಗೆ ಹೋಗುವ ಮುನ್ನ ಯಂತ್ರವು ೪೮ ಅಂಕೆಗಳ ‘ಬಿಟ್‌ಲಾಕರ್’ ಕೀಲಿಯನ್ನು ಕೇಳಬಹುದು. ಯಂತ್ರವು ನೆಟ್ಟಗಿರುವ ಇಂದೇ ಅದನ್ನು ಹುಡುಕಿ, ಕಾಗದದ ಮೇಲೆ ಬರೆದು, ಮನೆಯ ಪತ್ರಗಳಿರುವ ಪೆಟ್ಟಿಗೆಯಲ್ಲಿಡಿರಿ. ಹೊಸದಾಗಿ ಏನನ್ನು ಹಾಕಿದಿರಿ, ಯಾವ ದಿನ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯುತ್ತ ಬನ್ನಿ. ಯಂತ್ರ ಕೆಟ್ಟ ದಿನ ಬಂದವರು “ಫಾರ್ಮ್ಯಾಟ್” ಎನ್ನುವ ಮೊದಲು ಅವರ ಕೈಗೆ ಆ ಹಾಳೆಯನ್ನು ಕೊಡಬಹುದು.