ಸೂರ್ಯಕಾಂತಿ ತೆನೆಯಲ್ಲಿ ಜಾಮ್‌ನ ಅಂಟು: ಬದುವಿಗೆ ಬಿದ್ದದ್ದು ದುಡ್ಡಾಗುತ್ತಾ?

ಹಂಪಸಾಗರ: ಅಂಗಡಿಯಲ್ಲಿರೋ ಜಾಮ್ ಬಾಟಲಿ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ 440 ಅನ್ನೋ ಸಂಖ್ಯೆ ಸಿಗಬಹುದು. ಅದೇ ಪೆಕ್ಟಿನ್, ಜಾಮ್ ನೀರಾಗದಂತೆ ಹಿಡಿದಿಡುವ ಅಂಟು. ಕಾರ್ಖಾನೆಗಳು ಇದನ್ನ ಹೆಚ್ಚಾಗಿ ನಿಂಬೆ, ಕಿತ್ತಳೆ ಸಿಪ್ಪೆ ಮತ್ತು ಸೇಬಿನ ಹಿಪ್ಪೆಯಿಂದ ತೆಗೀತಾವೆ. ಆದರೆ ಕಾಳು ಬಡಿದ ಮೇಲೆ ಹೊಲದ ಬದುವಿಗೆ ಬೀಳೋ ಸೂರ್ಯಕಾಂತಿ ತೆನೆಯಲ್ಲೂ ಅದು ಇದೆ. ಒಣ ತೂಕದಲ್ಲಿ ಸುಮಾರು ಶೇ. 15ರಿಂದ 25. ಅದೂ ಕಡಿಮೆ ಸಕ್ಕರೆಯ ಜಾಮ್‌ಗೂ ಒಗ್ಗುವ ಜಾತಿ. ಸಕ್ಕರೆ ಬದಲು ಕ್ಯಾಲ್ಸಿಯಂ ಜೊತೆ ಗಟ್ಟಿಯಾಗುತ್ತೆ.

ಹಾಗಾದರೆ ಇಲ್ಲೇ ಒಂದು ಘಟಕ ಹಾಕಿದರೆ? ಮೊದಲು ನೋಡಬೇಕಾದದ್ದು ಯಾವ ವಿಧಾನ ಅನ್ನೋದು. ಹಳೇ ವಿಧಾನದಲ್ಲಿ ಹೈಡ್ರೋಕ್ಲೋರಿಕ್ ಅಥವಾ ನೈಟ್ರಿಕ್ ಆಸಿಡ್ ಬೆರೆಸಿದ ಬಿಸಿ ನೀರಲ್ಲಿ ಗಂಟೆಗಟ್ಟಲೆ ಕುದಿಸ್ತಾರೆ. ಉಳಿಯೋದು ಆಸಿಡ್ ನೀರು. ಪಕ್ಕದಲ್ಲೇ ತುಂಗಭದ್ರಾ ಹಿನ್ನೀರು ಇರುವ ಊರಲ್ಲಿ, ಮೀನು ಹಿಡಿಯೋರು, ದನ ನೀರಿಗೆ ಬಿಡೋರು ಇದನ್ನ ಒಪ್ಪೋ ಮಾತೇ ಇಲ್ಲ.

ಅದಕ್ಕೇ ಆಸಿಡ್ ಬದಲು ಸಿಟ್ರಿಕ್ ಆಮ್ಲ, ಅಂದರೆ ನಿಂಬೆಹುಳಿಯ ಆಮ್ಲ, ಬಳಸುವ ದಾರಿ ಬಂದಿದೆ. ಮೈಕ್ರೋವೇವ್ ಶಾಖ ಕೊಟ್ಟರೆ ಗಂಟೆಗಳ ಕೆಲಸ ನಿಮಿಷಕ್ಕಿಳಿಯುತ್ತೆ. ಶಬ್ದದ ಅಲೆ ಅಥವಾ ಕಿಣ್ವ ಬಳಸುವ ವಿಧಾನಗಳೂ ಇವೆ. ಇದರಲ್ಲಿ ಸಣ್ಣ ಘಟಕಕ್ಕೆ ಹತ್ತಿರ ಬರೋದು ಸಿಟ್ರಿಕ್ ಆಮ್ಲವೇ. ಮಿಕ್ಕವಕ್ಕೆ ಯಂತ್ರದ ಖರ್ಚು ಜಾಸ್ತಿ.

ಆದರೂ 'ಪರಿಸರಸ್ನೇಹಿ' ಅಂದ ಕೂಡಲೇ ಎಲ್ಲ ಸಲೀಸು ಅಂತಲ್ಲ. ದ್ರಾವಣದಿಂದ ಪೆಕ್ಟಿನ್ ಬೇರ್ಪಡಿಸಲು ಸಾಮಾನ್ಯವಾಗಿ ಆಲ್ಕೋಹಾಲ್ ಬೇಕು. ಎಥೆನಾಲ್ ತರಿಸಿದರೆ ಅಬಕಾರಿ ಇಲಾಖೆ ಬಾಗಿಲು ಬಡಿಯಬೇಕು, ಐಸೊಪ್ರೊಪೈಲ್ ಆದರೂ ಬೆಂಕಿ ಭಯ ಇದ್ದೇ ಇದೆ. ಬಳಸಿದ್ದನ್ನ ಬಟ್ಟಿ ಇಳಿಸಿ ಮತ್ತೆ ಬಳಸದಿದ್ದರೆ ಲೆಕ್ಕ ಕೂಡಿ ಬರೋದಿಲ್ಲ.

ನಿಜವಾದ ತೊಡಕು ಇನ್ನೂ ಮೊದಲೇ ಇದೆ, ಹೊಲದಲ್ಲೇ. ಹಸಿ ತೆನೆಯಲ್ಲಿ ನೀರಿನಂಶ ಹೆಚ್ಚು. ರಾಶಿ ಹಾಕಿ ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತೆ, ಬೂಷ್ಟು ಪೆಕ್ಟಿನ್ನನ್ನೇ ತಿಂದು ಹಾಕುತ್ತೆ. ಬಡಿದ ಕೂಡಲೇ ಚೂರು ಮಾಡಿ ಒಣಗಿಸಿದರೆ ಮಾತ್ರ ಅದು ಸರಕು. ಸುಗ್ಗಿ ಹೊತ್ತಲ್ಲಿ ಕಾಳು ಒಣಗಿಸೋಕೇ ಕಣ ಸಾಲದ ರೈತ, ತೆನೆ ಒಣಗಿಸೋಕೆ ಆಳು ಎಲ್ಲಿಂದ ತರ್ತಾನೆ? ಅಲ್ಲದೆ ಇವತ್ತು ಆ ತೆನೆ ಪೂರ್ತಿ ದಂಡವಲ್ಲ, ಕುರಿ ದನ ಮೇಯುತ್ತವೆ, ಒಲೆಗೂ ಹೋಗುತ್ತೆ. ಕೊಳ್ಳೋನು ಅದಕ್ಕಿಂತ ಮೇಲಿನ ಬೆಲೆ ಕೊಡಬೇಕು.

ಹಾಗಾಗಿ ಮೊದಲ ಹೆಜ್ಜೆ ಘಟಕ ಅಲ್ಲ, ಒಂದಿಷ್ಟು ಚೆನ್ನಾಗಿ ಒಣಗಿದ ತೆನೆ. ಪೆಕ್ಟಿನ್ ಎಷ್ಟಿದೆ, ಸಿಂಪಡಿಸಿದ ಔಷಧಿ ಉಳಿದಿದೆಯಾ ಅಂತ ಮೈಸೂರಿನ ಸಿಎಫ್‌ಟಿಆರ್‌ಐ ನಂಥ ಸಂಸ್ಥೆಯಲ್ಲಿ ವಿಚಾರಿಸಿ ತಿಳ್ಕೋಬೇಕು. ಕಿರು ಆಹಾರ ಘಟಕಗಳಿಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35, ಗರಿಷ್ಠ 10 ಲಕ್ಷ ರೂ. ಸಬ್ಸಿಡಿ ಇಟ್ಟಿದ್ದರು. ಉಳಿದದ್ದು ಬ್ಯಾಂಕ್ ಸಾಲ ಮತ್ತು ಕೈದುಡ್ಡು. ಕೊಳ್ಳುವ ಕಂಪನಿ ಬರಹದಲ್ಲಿ ಒಪ್ಪದೆ ಯಂತ್ರ ತಂದರೆ, ಕಂತು ಕಟ್ಟೋದು ಊರಿನವರೇ.