ಸೇನೆಯ ಸಂಪರ್ಕಜಾಲವೂ ಸ್ವದೇಶಿಯ ಒರೆಗಲ್ಲೂ

ಸೈನ್ಯಕ್ಕೆ ಮದ್ದುಗುಂಡು ಎಷ್ಟು ಅವಶ್ಯವೋ ಸಮಾಚಾರವೂ ಅಷ್ಟೇ ಅವಶ್ಯವು. ಗಡಿಯ ಠಾಣ್ಯದಿಂದ ಹೊರಟ ವರ್ತಮಾನವು ಸೇನಾಧಿಪತಿಗಳನ್ನು ಮುಟ್ಟುವ ಮೊದಲು ರೌಟರ್, ಸ್ವಿಚ್ ಎಂಬ ಅನೇಕ ಯಂತ್ರಗಳನ್ನು ಹಾದುಹೋಗಬೇಕಾಗುತ್ತದೆ. ಈ ಯಂತ್ರಗಳನ್ನು ಯಾರಿಂದ, ಹೇಗೆ ಪರೀಕ್ಷಿಸಿ ಕೊಳ್ಳಬೇಕೆಂಬುದು ಉಗ್ರಾಣದ ಲೆಕ್ಕಿಗರಿಗೆ ಬಿಟ್ಟುಕೊಡತಕ್ಕ ಸಂಗತಿಯಲ್ಲ.

2020ನೆಯ ಇಸವಿಯ ಅಕ್ಟೋಬರ 1ರಂದು ರಕ್ಷಣಾ ಸಚಿವಾಲಯದವರು ಭೂಸೇನೆಯ ‘ಆಸ್ಕಾನ್’ ಜಾಲದ ನಾಲ್ಕನೆಯ ಹಂತವನ್ನು 7,796 ಕೋಟಿ ರೂಪಾಯಿಗಳಿಗೆ ಬೆಂಗಳೂರಿನ ಐ.ಟಿ.ಐ. ಸಂಸ್ಥೆಗೆ ಒಪ್ಪಿಸಿದರು. 1948ರಲ್ಲಿ ಹುಟ್ಟಿ, ದೇಶಕ್ಕೆಲ್ಲ ಟೆಲಿಫೋನುಗಳನ್ನು ಮಾಡಿಕೊಟ್ಟು, 1991ರ ತರುವಾಯ ಪರದೇಶಿ ಕಂಪನಿಗಳ ಪೈಪೋಟಿಯಲ್ಲಿ ಸೊರಗಿ, 2014ರಲ್ಲಿ 4,156 ಕೋಟಿ ರೂಪಾಯಿಗಳ ನೆರವಿಗೆ ಪಾತ್ರವಾದ ಸಂಸ್ಥೆಯಿದು. ಆ ಕೆಲಸದಲ್ಲಿ ಸುಮಾರು ಪ್ರತಿಶತ 80ರಷ್ಟು ಸ್ವದೇಶಿಯೆಂದು ಸರಕಾರದವರು ಆಗಲೇ ಪ್ರಕಟಿಸಿದರು. ಕನ್ನಡಿಗರು ಸಂತೋಷಪಟ್ಟದ್ದು ಸಹಜವೇ.

ಆದರೆ ಈ ಪ್ರತಿಶತವೆಂಬುದು ಯಾವುದರ ಅಳತೆ? 2017ರ ಸರಕಾರಿ ಖರೀದಿಯ ಆಜ್ಞೆಯು 2020ರಲ್ಲಿ ತಿದ್ದುಪಡಿಯಾದ ಮೇಲೆ, ಮೌಲ್ಯದಲ್ಲಿ ಅರ್ಧದಷ್ಟಾದರೂ ಸ್ವದೇಶಿಯಾಗಿದ್ದರೆ ಮಾರುವವನಿಗೆ ಪ್ರಥಮ ವರ್ಗದ ಮನ್ನಣೆ. ಹತ್ತು ಕೋಟಿಗೆ ಮೀರಿದ ಖರೀದಿಗೆ ಲೆಕ್ಕಪರಿಶೋಧಕನ ಪ್ರಮಾಣಪತ್ರ ಬೇಕು. ಇದು ರೂಪಾಯಿಗಳ ಅಳತೆ. ಪೆಟ್ಟಿಗೆ, ತಂತಿ, ಜೋಡಣೆಯ ಕೂಲಿ ನಮ್ಮವಾಗಿ, ಯಂತ್ರವನ್ನು ಆಳುವ ಚಿಪ್ಪೂ ತಂತ್ರಾಂಶವೂ ಪರರದಾದರೆ, ಬೆಲೆಯ ಬಹುಭಾಗ ನಮ್ಮದಾಗಿದ್ದೂ ಬೀಗದ ಕೈ ಬೇರೆಯವರಲ್ಲಿ ಉಳಿಯುತ್ತದೆ.

ಇದು ಬರಿಯ ಅಂಜಿಕೆಯಲ್ಲ. 2024ರ ಸೆಪ್ಟೆಂಬರ 17ರಂದು ಲೆಬನಾನಿನಲ್ಲಿ ತೈವಾನಿನ ಕಂಪನಿಯೊಂದರ ಹೆಸರು ಹೊತ್ತ ಸಾವಿರಾರು ಪೇಜರುಗಳು ಏಕಕಾಲಕ್ಕೆ ಸಿಡಿದವು. ಅವುಗಳ ಒಡಲಲ್ಲಿ ಅಡಗಿದ್ದುದೇನೆಂಬುದು ಕೊಂಡವರಿಗೆ ಸಿಡಿದ ಮೇಲೆಯೇ ತಿಳಿಯಿತು. ಹೆಸರಿನ ಮುದ್ರೆಯೊಂದೇ ನಂಬಿಕೆಗೆ ಆಧಾರವಾಗದು.

ಕೊಟ್ಟೂರು, ಹಡಗಲಿ, ಇಟ್ಟಿಗಿಗಳ ನಮ್ಮ ರೈತನು ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಾನೆ, ನಡೆಸಿ ನೋಡುತ್ತಾನೆ. ಅಗ್ಗವೆಂದ ಮಾತ್ರಕ್ಕೆ ಹಗ್ಗ ಹಿಡಿಯುವುದಿಲ್ಲ. ಕನಿಷ್ಠ ಬೆಲೆಯ ಟೆಂಡರಿಗೆ ಮರುಳಾಗುವ ಕಚೇರಿಗಳು ಅವನಿಂದ ಕಲಿಯಬೇಕಾದುದುಂಟು. ನೆರೆಯ ಚಳ್ಳಕೆರೆಯ ಬಳಿ 2017ರಲ್ಲಿ ಉದ್ಘಾಟಿತವಾದ ವೈಮಾನಿಕ ಪರೀಕ್ಷಾ ಕ್ಷೇತ್ರದಲ್ಲಿ ಚಾಲಕರಹಿತ ವಿಮಾನವನ್ನು ಹಾರಿಸಿ ಪರೀಕ್ಷಿಸುತ್ತಾರೆ. ವಿಮಾನಕ್ಕೆ ಸಲ್ಲುವ ಕಾಠಿಣ್ಯವು ಅದರ ಸಂದೇಶವನ್ನು ಒಯ್ಯುವ ಯಂತ್ರಕ್ಕೂ ಸಲ್ಲಬೇಡವೇ? ಸಂಪರ್ಕ ಸಲಕರಣೆಗಳ ಭದ್ರತೆಯನ್ನು ಒರೆಗೆ ಹಚ್ಚುವ ರಾಷ್ಟ್ರೀಯ ಕೇಂದ್ರವು ಬೆಂಗಳೂರಿನಲ್ಲಿಯೇ ಇದೆ.

ಆದ್ದರಿಂದ ನಮ್ಮ ಸೂಚನೆಯಿಷ್ಟೇ: ಸೇನಾ ನೆಲೆಗಳ ಖರೀದಿಯಲ್ಲಿ ಮೌಲ್ಯದ ಪ್ರಮಾಣಪತ್ರದೊಡನೆ ಚಿಪ್ಪು, ತಂತ್ರಾಂಶಗಳ ಮೂಲದ ವಿವರವನ್ನೂ ಕಡ್ಡಾಯಮಾಡಿರಿ, ಒಳಗನ್ನು ಬಿಚ್ಚಿ ತೋರಿಸಲೊಲ್ಲದವನ ಸರಕನ್ನು ಬೆಲೆ ಎಷ್ಟೇ ಇಳಿದಿರಲಿ ತಿರಸ್ಕರಿಸಿರಿ, ದೇಶದಲ್ಲಿಯೇ ವಿನ್ಯಾಸ ಮಾಡುವವರಿಗೆ ದೀರ್ಘಾವಧಿಯ ಬೇಡಿಕೆಯ ಭರವಸೆ ಕೊಟ್ಟು ಹಣವನ್ನು ಕಾಲಕ್ಕೆ ಸಲ್ಲಿಸಿರಿ. ಇದಕ್ಕೆ ವೆಚ್ಚ ಹೆಚ್ಚೀತು, ದಿನಗಳೂ ಹಿಡಿದಾವು. ಆದರೆ ಯುದ್ಧದ ದಿನ ಮೂಕವಾಗುವ ಜಾಲಕ್ಕಿಂತ ದುಬಾರಿಯಾದುದು ಬೇರೊಂದಿಲ್ಲವೆಂಬುದನ್ನು ಅಧಿಕಾರಸ್ಥರು ಲಕ್ಷ್ಯದಲ್ಲಿಡುವರೆಂದು ಆಶಿಸುತ್ತೇವೆ.