ಮದ್ದು ಹಾಕದ ಮೊಟ್ಟೆಯನ್ನು ಮೊದಲು ತೋರಿಸೋಣ

ನರಮಂಡಲದ ಬೆಳವಣಿಗೆಯನ್ನೂ ಔಷಧಗಳ ದುಷ್ಪರಿಣಾಮವನ್ನೂ ಒಟ್ಟಿಗೆ ಕಲಿಸಲು ನಮ್ಮ ಕೆಲವು ಪ್ರಶಿಕ್ಷಣಾರ್ಥಿಗಳು ಕೋಳಿಭ್ರೂಣದ ಚಾರ್ಟ್ ಬಳಸುತ್ತಾರೆ. ಎಡಕ್ಕೆ ಸರಿಯಾಗಿ ಬೆಳೆದ ಭ್ರೂಣ, ಬಲಕ್ಕೆ ಮದ್ದು ತಾಗಿದ ಭ್ರೂಣ, ಕೆಳಗೆ 'ಔಷಧ ಮಿದುಳಿಗೆ ಹಾನಿಕರ' ಎಂಬ ಸಾಲು. ಚಿತ್ರ ಅಂದವಾಗಿರುತ್ತದೆ, ವೀಕ್ಷಕರು ಅಂಕವನ್ನೂ ಕೊಡುತ್ತಾರೆ. ನನ್ನ ತಕರಾರು ಆ ಕೆಳಗಿನ ಸಾಲಿನ ಬಗ್ಗೆ.

ಮೂರ್ಛೆರೋಗಕ್ಕೆ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಮಾತ್ರೆಯನ್ನೇ ನೋಡಿ. ಕೋಳಿಭ್ರೂಣದ ಪ್ರಯೋಗಗಳಲ್ಲಿ ಈ ಮದ್ದು ತಾಗಿದಾಗ, ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳ ಸರಿಯಾಗಿ ಮುಚ್ಚಿಕೊಳ್ಳದಿರುವುದು ಕಂಡುಬಂದಿದೆ. ಗರ್ಭಿಣಿಯರು ಸೇವಿಸಿದಾಗ ಮಗುವಿನ ನರನಾಳಕ್ಕೂ ಬುದ್ಧಿ ಬೆಳವಣಿಗೆಗೂ ಅಪಾಯವಿದೆ ಎಂಬುದು ಬೇರೆ ಅಧ್ಯಯನಗಳಿಂದ ದೃಢಪಟ್ಟಿದೆ. ಅಂದರೆ ಚಾರ್ಟ್ ಸುಳ್ಳಲ್ಲ. ಆದರೆ ನಮ್ಮ ಮುಂದೆ ಕುಳಿತ ಮಕ್ಕಳಲ್ಲಿ ಒಬ್ಬಳ ತಾಯಿ ಅದೇ ಮಾತ್ರೆ ನುಂಗುತ್ತಿರಬಹುದು. ಆ ಹುಡುಗಿ ಮನೆಗೆ ಹೋಗಿ 'ಫಿಟ್ಸ್ ಮಾತ್ರೆ ಬಿಟ್ಟುಬಿಡಮ್ಮ, ಟೀಚರ್ ಹೇಳಿದ್ರು' ಎಂದರೆ? ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಿ ಜೀವಕ್ಕೇ ಅಪಾಯವಾಗಬಹುದು. ಮಾತ್ರೆ ಬದಲಿಸಬೇಕೇ ಎಂಬುದನ್ನು, ಸಾಧ್ಯವಾದರೆ ಗರ್ಭ ಧರಿಸುವ ಮೊದಲೇ, ವೈದ್ಯರು ತೀರ್ಮಾನಿಸಬೇಕು. ಈ ಮಾತು ಪಾಠಯೋಜನೆಯಲ್ಲಿ ಇರಲೇಬೇಕು.

ಕೋಳಿಭ್ರೂಣವನ್ನು ವಿಜ್ಞಾನಿಗಳು ಆರಿಸಿಕೊಳ್ಳುವುದಕ್ಕೆ ಕಾರಣಗಳಿವೆ. 21 ದಿನಗಳಲ್ಲಿ ಮರಿ ಹೊರಬರುತ್ತದೆ. ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದರೆ ಬೆಳವಣಿಗೆ ಕಣ್ಣಿಗೇ ಕಾಣುತ್ತದೆ. ಮನುಷ್ಯರಲ್ಲಿ ಸುಮಾರು 28ನೇ ದಿನಕ್ಕೆ ಮುಗಿಯುವ ನರನಾಳದ ಮುಚ್ಚುವಿಕೆ ಇಲ್ಲಿ ಕಾವಿನ ಮೊದಲ ಎರಡು ಮೂರು ದಿನಗಳಲ್ಲೇ ಮುಗಿಯುತ್ತದೆ. ಜರಾಯು ಇಲ್ಲ, ತಾಯಿಯ ಯಕೃತ್ತೂ ನಡುವೆ ಬರುವುದಿಲ್ಲ. ಹಾಕಿದ ಮದ್ದು ಭ್ರೂಣವನ್ನೇ ತಲುಪುತ್ತದೆ. ಇದು ಅನುಕೂಲವೂ ಹೌದು, ಮಿತಿಯೂ ಹೌದು. ಮೊಟ್ಟೆಯೊಳಗಿನ ಪ್ರಮಾಣವನ್ನು ನೇರವಾಗಿ ತಾಯಿಯ ಮಾತ್ರೆಗೆ ಹೋಲಿಸಲಾಗದು.

ಹಾಗಾಗಿ ಕಪ್ಪುಹಲಗೆಯ ಮೇಲೆ ಮೊದಲು ಮೂರು ಸಾಲು ಮೊಟ್ಟೆ ಬರೆಯಿರಿ ಎನ್ನುತ್ತೇನೆ. ಒಂದನ್ನು ಮುಟ್ಟಿಲ್ಲ. ಎರಡನೆಯದಕ್ಕೆ ಬರೀ ಲವಣದ್ರಾವಣ ಚುಚ್ಚಿದೆ. ಮೂರನೆಯದಕ್ಕೆ ಮದ್ದು. ಪ್ರತಿ ಸಾಲಿನಲ್ಲೂ 20 ಮೊಟ್ಟೆ. ಮದ್ದಿನ ಸಾಲಿನಲ್ಲಿ 6 ಭ್ರೂಣ ಸತ್ತವು, ಲವಣದ್ರಾವಣದ ಸಾಲಿನಲ್ಲಿ 5 ಸತ್ತವು ಎಂದಿಟ್ಟುಕೊಳ್ಳಿ. ಈಗ ಮದ್ದನ್ನು ದೂರಬಹುದೇ? ಚಿಪ್ಪು ಕೊರೆದು ಸೂಜಿ ಚುಚ್ಚುವುದೇ ಕೆಲವು ಭ್ರೂಣಗಳನ್ನು ಕೊಲ್ಲಬಲ್ಲದು ಎಂದು ಮಕ್ಕಳೇ ಹೇಳಲಿ. ಇನ್ನೊಂದು ಪ್ರಶ್ನೆ ಸ್ವಲ್ಪ ಕಠಿಣ, ಆದರೂ ಕೇಳಿ: ನರನಾಳ ತೆರೆದೇ ಇದ್ದರೆ ಅದು ದೋಷವೋ, ಬೆಳವಣಿಗೆ ತಡವಾದದ್ದೋ? ಒಂದೇ ಹೊತ್ತಿಗೆ ಕಾವಿಗಿಟ್ಟ ಮೊಟ್ಟೆಗಳು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಅದಕ್ಕಾಗಿಯೇ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ, ಗಂಟೆಗಳ ಬದಲು ಅಂಗರಚನೆಯನ್ನು ನೋಡಿ, ಕೋಳಿಭ್ರೂಣದ ಬೆಳವಣಿಗೆಯನ್ನು 46 ಹಂತಗಳಾಗಿ ವಿಂಗಡಿಸಿದರು.

ಒಂದು ಅವಧಿಯಲ್ಲಿ ಇಷ್ಟೆಲ್ಲ ಆಗುತ್ತದೆಯೇ ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಪೀಠಿಕೆಯ ಹಾಡು, ಬಣ್ಣದ ಚಾರ್ಟಿನ ಮೆರವಣಿಗೆ ಬಿಟ್ಟರೆ ಆಗುತ್ತದೆ. ವೀಕ್ಷಕರಾದ ನಾವೂ ಬೋಧನೋಪಕರಣದ ಅಂದಕ್ಕೆ ಕೊಡುವ ಅಂಕದಲ್ಲಿ ಎರಡನ್ನು ಕಡಿಮೆ ಮಾಡಿ, 'ಈ ಪ್ರಯೋಗದಿಂದ ಏನು ಹೇಳಲಾಗದು?' ಎಂದು ಮಕ್ಕಳನ್ನು ಕೇಳಿದವರಿಗೆ ಕೊಡಬಹುದು.

ಶಾಲೆಯಲ್ಲೇ ಮೊಟ್ಟೆಗೆ ಮದ್ದು ಚುಚ್ಚಿ ತೋರಿಸುವ ಉತ್ಸಾಹ ಮಾತ್ರ ಬೇಡ. ಉತ್ತರ ಗೊತ್ತಿರುವ ಪ್ರಶ್ನೆಗೆ ಭ್ರೂಣಗಳನ್ನು ಕೊಲ್ಲುವುದು ನನಗೆ ಒಪ್ಪಿಗೆಯಿಲ್ಲ. ಜೀವಂತ ಭ್ರೂಣವನ್ನೇ ತೋರಿಸಬೇಕೆಂದಿದ್ದರೆ ಟಾರ್ಚ್ ಸಾಕು. ಅಂಗಡಿಯ ಮೊಟ್ಟೆ ತರಬೇಡಿ, ಅದು ಸಾಮಾನ್ಯವಾಗಿ ಫಲಿತವಾಗಿರುವುದಿಲ್ಲ. ನಾಟಿ ಕೋಳಿ ಸಾಕುವ ಮನೆಯ ಹುಡುಗನನ್ನು ಕೇಳಿ. ಕಾವಿಗಿಟ್ಟು ಐದಾರು ದಿನವಾದ ಮೊಟ್ಟೆಯನ್ನು ಕತ್ತಲ ಕೋಣೆಯಲ್ಲಿ ಬೆಳಕಿಗೆ ಹಿಡಿದರೆ ಕೆಂಪು ರಕ್ತನಾಳಗಳ ಬಲೆ ಕಾಣುತ್ತದೆ. ನೋಡಿ ಮುಗಿದ ಮೇಲೆ ಮೊಟ್ಟೆ ಆರುವ ಮುನ್ನ ಹೇಂಟೆಯ ಕೆಳಗೆ ವಾಪಸ್ ಇಡಲಿ.